ಎಡಗಡೆಯ ಸ್ಟೀರಿಂಗ್

ನಮ್ಮ ಹಿತ್ತಿಲಿನ ತಗಡಿನ ಚಪ್ಪರದ ಕೆಳಗೆ ಒಂದು ನೀಲಿ ಟಾರ್ಪಾಲು ಉಸಿರಾಡುತ್ತಿತ್ತು. ಗಾಳಿ ಬಂದಾಗ ಉಬ್ಬುತ್ತಿತ್ತು, ಹೋದಾಗ ಇಳಿಯುತ್ತಿತ್ತು. ಒಳಗೆ ಯಾವುದೋ ಪ್ರಾಣಿ ಮಲಗಿದೆಯೆಂದು ಬೀದಿಯ ಮಕ್ಕಳು ನಂಬಿದ್ದರು. ಅದು ಪೂರಾ ಸುಳ್ಳೇನೂ ಆಗಿರಲಿಲ್ಲ.

ಊರಾಚೆ ಮುಚ್ಚಿಹೋಗಿದ್ದ ಸರ್ಕಸ್ ಕಂಪನಿಯ ಕೊಟ್ಟಿಗೆಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಆ ಅಮೆರಿಕದ ಕಾರನ್ನು ನನ್ನ ಗಂಡ ಅಚ್ಯುತರು ಲಾರಿಯಲ್ಲಿ ಹೇರಿಸಿ ತಂದಿದ್ದರು. ಎರಡೇ ಬಾಗಿಲು, ಮಂಚದಷ್ಟು ಉದ್ದದ ಬಾನೆಟ್ಟು, ಅದರಡಿ ಎಂಟು ಸಿಲಿಂಡರಿನ ಎಂಜಿನ್. ಸ್ಟೀರಿಂಗ್ ಎಡಗಡೆಗೆ. ಒಂದು ಕಾಲಕ್ಕೆ ಬೆಂಕಿಯ ಬಳೆಯೊಳಗಿಂದ ಹಾರುತ್ತಿದ್ದ ಗಾಡಿಯಂತೆ. ಈಗ ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆಯಿಟ್ಟಿತ್ತು.

"ಮಣ್ಣು ಮಾಡೋದು ಬಿಟ್ಟು ಮನೆಗೆ ಕರ್ಕೊಂಡು ಬಂದಿದ್ದೀಯಲ್ಲೋ ಇದನ್ನ!" ಎಂದರು ನಮ್ಮ ಜೊತೆಗಿದ್ದ ಅವರ ಅಕ್ಕ ತಾರಕ್ಕ.

ನನಗೆ ನಗು ಬರಲಿಲ್ಲ. ಸೇತುವೆಯ ಕೆಲಸದಲ್ಲಿ ಅಟ್ಟಣಿಗೆ ಕುಸಿದು ಬಿದ್ದಂದಿನಿಂದ ಅಚ್ಯುತರ ಎಡಮಂಡಿ ಮಡಚುತ್ತಿರಲಿಲ್ಲ. ಕ್ಲಚ್ ಒತ್ತಬೇಕಾದದ್ದು ಎಡಗಾಲಿನಿಂದಲೇ. ಎಂಜಿನಿಯರ್ ಆದವರಿಗೆ ಅಷ್ಟೂ ಹೊಳೆಯಲಿಲ್ಲವೇ? ಅಥವಾ ಆಸೆಯ ಭರದಲ್ಲಿ ಮರೆತುಬಿಟ್ಟರೇ? ಆಸ್ಪತ್ರೆಯಿಂದ ಬಂದಮೇಲೆ ಕಿಟಕಿಯ ಬಳಿ ಮೌನವಾಗಿ ಕೂರುತ್ತಿದ್ದ ಮನುಷ್ಯ ಈಗ ಸಿಳ್ಳೆ ಹಾಕುತ್ತಾ ಸ್ಪ್ಯಾನರು ಹುಡುಕುತ್ತಿದ್ದರು. ನೆನಪಿಸಲು ನನಗೆ ಬಾಯಿ ಬರಲಿಲ್ಲ.

ಆ ಹುಚ್ಚು ಮೆಲ್ಲಗೆ ನನಗೂ ಹತ್ತಿತು. ನನ್ನ ಊಟದ ತಟ್ಟೆಯಲ್ಲಿ ಕಾರ್ಬುರೇಟರು ಬಿಚ್ಚಿಕೊಂಡು ಕೂತಿತ್ತು. ಮನೆಯೆಲ್ಲ ಸೀಮೆಎಣ್ಣೆಯ ವಾಸನೆ. ಬಾಗಿಲ ಮೇಲೆ ಮರಳುಕಾಗದ ಉಜ್ಜುತ್ತಿದ್ದಾಗ ತುಕ್ಕಿನಡಿಯಿಂದ ಒಂದು ಅಂಗೈಯಗಲ ಕಡುಹಸಿರು ಬಣ್ಣ ಇಣುಕಿತು. "ರೀ, ಬನ್ನಿ ಇಲ್ಲಿ! ಬೇಗ!" ಎಂದು ನಾನು ಕೂಗಿದ ಕೂಗಿಗೆ ತಾರಕ್ಕ ಹಾವೆಂದುಕೊಂಡು ಕೋಲು ಹಿಡಿದು ಓಡಿಬಂದಿದ್ದರು. ಬೆಳಿಗ್ಗೆ ಒಲೆ ಹಚ್ಚುವ ಮೊದಲೇ ನಾನು ಹಿತ್ತಿಲಿಗೆ ಹೋಗಿ ಉಬ್ಬಿಳಿಯುವ ಟಾರ್ಪಾಲಿನ ಅಂಚೆತ್ತಿ ನೋಡತೊಡಗಿದೆ.

"ಬಾ, ಸ್ವಲ್ಪ ಒಳಗೆ ಕೂತ್ಕೋ," ಎಂದು ಅಚ್ಯುತರು ಆಗಾಗ ಕರೆಯುತ್ತಿದ್ದರು. "ನಾನು ಕೆಳಗಿಂದ ನೋಡ್ತೀನಿ. ಕ್ಲಚ್ ಒತ್ತು. ಹ್ಞಾಂ, ಬಿಡು. ಭಾರ ಅನ್ನಿಸುತ್ತಾ?"

"ಕಲ್ಲು ತುಳಿದ ಹಾಗಿದೆ."

ಮುಂದಿನ ವಾರ ಅದು ಹಗುರಾಗಿತ್ತು. ಒತ್ತಲು ಬೇರೆ ಯಾರೂ ಇಲ್ಲವೆಂದು ನನ್ನನ್ನು ಕರೆಯುತ್ತಾರೆಂದುಕೊಂಡಿದ್ದೆ.

ಎಂಜಿನ್ ಚಾಲೂ ಆದದ್ದು ಒಂದು ಭಾನುವಾರ ಬೆಳಿಗ್ಗೆ. ಮೊದಲು ಕೆಮ್ಮು, ಆಮೇಲೆ ಕಪ್ಪು ಹೊಗೆ, ಆಮೇಲೆ ಎದೆಗೂಡಿನಲ್ಲೇ ನಗಾರಿ ಬಡಿದಂಥ ಸದ್ದು! ಪಾರಿವಾಳಗಳು ಎದ್ದು ಹಾರಿದವು, ಅಡುಗೆಮನೆಯ ಲೋಟಗಳು ಕುಣಿದವು. ತಾರಕ್ಕ ಸೌಟು ಹಿಡಿದೇ ಹಿತ್ತಿಲಿಗೆ ಬಂದು, "ಬದುಕಿತಲ್ಲೋ! ಬದುಕಿತಲ್ಲೋ!" ಎಂದು ಕೂಗಿದರು. ಅಚ್ಯುತರ ಕಣ್ಣಲ್ಲಿ ನೀರಿತ್ತು.

"ಹೊರಡೋಣ," ಎಂದರು. ಇನ್ನು ಹೇಳದೆ ವಿಧಿಯಿರಲಿಲ್ಲ.

"ರೀ, ನಿಮ್ಮ ಕಾಲು..."

ಅವರು ಊರುಗೋಲು ಊರುತ್ತಾ ಬಲಗಡೆಯ ಬಾಗಿಲಿಗೆ ಹೋಗಿ, ಪಕ್ಕದ ಸೀಟಿನಲ್ಲಿ ಕಾಲು ನೀಡಿ ಕೂತರು. ನಾನು ಎಡಗಡೆ ಬಗ್ಗಿ ನೋಡಿದೆ. ಕಳೆದ ಸಲ ನಾನು ಕೂತೆದ್ದ ಮೇಲೆ ಚಾಲಕನ ಸೀಟು ಮುಂದಕ್ಕೆ ಸರಿದು ಗಟ್ಟಿಯಾಗಿ ಬೆಸುಗೆಗೊಂಡಿತ್ತು. ಅದರ ಮೇಲೆ ಎತ್ತರದ ಹೊಸ ದಿಂಬು. ಆರಡಿಯ ಅವರ ಮಂಡಿ ಅಲ್ಲಿ ತೂರುವಂತೆಯೇ ಇರಲಿಲ್ಲ.

"ಇಲ್ಲಿ ನಿಮಗೆ ಹಿಡಿಸೋದೇ ಇಲ್ಲವಲ್ಲ!"

"ನನಗ್ಯಾಕೆ ಹಿಡಿಸಬೇಕು?" ಎಂದರು. "ತವರಲ್ಲಿ ಅಪ್ಪನ ಜೀಪು ಕಲ್ಲುಕ್ವಾರಿ ದಾರೀಲಿ ಹಾರಿಸ್ತಿದ್ದೆ ಅಂತಿದ್ದೆಯಲ್ಲ. ನಾನು ಒಂದು ದಿನವೂ ನೋಡಿಲ್ಲ. ಹತ್ತು."

ನಾಚಿಕೆ, ನಗು, ಅಳು ಒಟ್ಟಿಗೇ ನುಗ್ಗಿ ಬಂದವು. ಕೂತೆ. ಎರಡೂ ಪಾದ ಪೆಡಲುಗಳ ಮೇಲೆ ಅಳೆದಿಟ್ಟಂತೆ ಕೂತವು.

ಗುಡ್ಡದ ರಸ್ತೆಯಲ್ಲಿ ಒಂದು ಹುಲ್ಲಿನ ಲಾರಿ ನಮ್ಮ ಮುಂದೆ ತೆವಳುತ್ತಾ ಅಡ್ಡ ಸಿಕ್ಕಿತು. ಎಡಗಡೆ ಕೂತಿದ್ದ ನನಗೆ ಹುಲ್ಲಲ್ಲದೆ ಬೇರೇನೂ ಕಾಣಿಸಲಿಲ್ಲ. ಅಚ್ಯುತರು ಕಿಟಕಿಯಾಚೆ ತಲೆ ಹಾಕಿದರು.

"ತಡಿ... ಬಸ್ ಬರ್ತಿದೆ... ತಡಿ... ಈಗ ಖಾಲಿ. ಹೊಡಿ!"

ಕಣ್ಣಿಗೆ ಕಾಣದ ರಸ್ತೆಯನ್ನು ಅವರ ಮಾತಿನ ಮೇಲೆ ನಂಬಿ ಆಕ್ಸಿಲರೇಟರ್ ಒತ್ತಿದೆ. ಕಾರು ಗುಡುಗಿ ಜಿಗಿಯಿತು. ಸೀಟು ಬೆನ್ನಿಗೆ ಗುದ್ದಿತು, ಸೆರಗು ಹಾರಿ ಅವರ ಮುಖಕ್ಕೆ ಬಡಿಯಿತು. ಇಬ್ಬರೂ ಕೇಕೆ ಹಾಕಿದೆವು, ಮಕ್ಕಳ ಹಾಗೆ.

ಡಾಂಬರು ಮುಗಿದು ಮಣ್ಣಿನ ದಾರಿ ಹಿಡಿದು ನೆತ್ತಿ ತಲುಪಿದಾಗ ಎಂಜಿನ್ ಆರಿಸಿದೆ. ಯಾರೂ ಬಾಗಿಲು ತೆರೆಯಲಿಲ್ಲ. ಕೆಳಗಿನ ಕಣಿವೆಯಲ್ಲಿ ನಾವೆಬ್ಬಿಸಿದ ಕೆಂಧೂಳು ತಿರುವು ತಿರುವಿನಲ್ಲೂ ಇನ್ನೂ ನಿಂತಿತ್ತು. ಬಿಸಿಲಲ್ಲಿ ಹೊಳೆಯುತ್ತಾ, ಬಹಳ ನಿಧಾನವಾಗಿ, ಹುಲ್ಲಿನ ಮೇಲೆ ಇಳಿಯುತ್ತಿತ್ತು.