ಕರಾರಿಗೆ ಮೊದಲಿನ ಚಹಾ

ಯಾರಾದರೂ ನೇರವಾಗಿ ತನ್ನನ್ನೇ ಕೇಳಿಬಿಟ್ಟರೆ ಏನು ಗತಿ? ಮಟಕಿ ಎಂಬ ಹಳ್ಳಿಗೆ ಹೋಗುವ ಜೀಪಿನಲ್ಲಿ ಶಾಂಭವಿ ಇದೊಂದನ್ನೇ ತನ್ನೊಳಗೆ ಕೇಳಿಕೊಳ್ಳುತ್ತಿದ್ದಳು. ಡೈರಿಯಲ್ಲಿ ಪುಟಗಟ್ಟಲೆ ಮಾತಾಡುವವಳಿಗೆ, ಎದುರಿಗೆ ನಾಲ್ಕು ಜನ ಕೂತರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು.

ಓದು ಮುಗಿಸಿ ಗುತ್ತಿಗೆದಾರ ಶಿವಪ್ರಕಾಶರ ಹತ್ತಿರ ಎಂಜಿನಿಯರಾಗಿ ಸೇರಿದ್ದಳು. ಭೀಮಾ ನದಿಯ ನೀರನ್ನು ಕೊಳವೆಯಲ್ಲಿ ಹಳ್ಳಿಗಳಿಗೆ ತರುವ ದೊಡ್ಡ ಕಾಮಗಾರಿ. ಕಡಿಮೆ ದರ ಹಾಕಿದವನಿಗೆ ಟೆಂಡರ್ ಕೊಟ್ಟು, ಆಮೇಲೆ ಕೋರ್ಟು ಕಚೇರಿ ಅಲೆಯುವ ಹಳೆಯ ರೂಢಿ ಬೇಡವೆಂದು, ಈ ಸಲ ಇಲಾಖೆಯವರು, ಗುತ್ತಿಗೆದಾರರು, ಊರವರು ಕರಾರಿಗೆ ಮೊದಲೇ ಒಂದೇ ಜಮಖಾನೆಯ ಮೇಲೆ ಕೂತು ಮಾತಾಡುವುದೆಂದು ಗೊತ್ತುಮಾಡಿದ್ದರು. ಮೊದಲೇ ಹೇಳಿದ ತೊಂದರೆಯ ಖರ್ಚು ಎಲ್ಲರದು, ಮುಚ್ಚಿಟ್ಟದ್ದರ ಖರ್ಚು ಮುಚ್ಚಿಟ್ಟವರದು. ಮಟಕಿಯ ನೀರಿನ ಸಮಿತಿಯ ಹಿರಿಯಳು ಜೈತುನಬಿ ಇದಕ್ಕೆ ತನ್ನದೊಂದು ಕಾಯಿದೆ ಸೇರಿಸಿದ್ದಳು: ತನ್ನ ಕಡೆಯ ತೊಂದರೆ ಹೇಳದವರಿಗೆ ಚಹಾ ಇಲ್ಲ.

ಶಾಂಭವಿಯ ಹೊಟ್ಟೆಯೊಳಗೆ ಅಂಥದೊಂದು ತೊಂದರೆ ಕೂತಿತ್ತು. ಕೊಳವೆ ಹಾಯುವ ಚೌಡಾಪುರದ ಹತ್ತಿರ ಅವಳೇ ನಿಂತು ತೆಗೆಸಿದ ಪರೀಕ್ಷೆಯ ಗುಂಡಿಗಳಲ್ಲಿ ಬಂಡೆ ಸಿಕ್ಕಿತ್ತು; ಅದನ್ನು ಒಡೆಯಲು ಖರ್ಚೂ ಹೆಚ್ಚು, ಕಾಲವೂ ಹೆಚ್ಚು. ಶಿವಪ್ರಕಾಶರು ತಡೆದಿದ್ದರು.

"ಸಹಿ ಆಗೋತನಕ ಬಾಯಿ ಬಿಡಬ್ಯಾಡವಾ. ಹಿಂದಕ ಜೇವರ್ಗಿ ಕೆಲಸದಾಗ ಖರೆ ಹೇಳಿ ನಾನೊಬ್ಬನೇ ಮುಳುಗೀನಿ."

ಅವರು ಕೆಟ್ಟವರಲ್ಲ. ಕೆಲಸದ ಒಂದೊಂದು ಪಾಠವನ್ನೂ ಬಿಸಿಲಲ್ಲಿ ಪಕ್ಕದಲ್ಲೇ ನಿಂತು ಕಲಿಸಿದವರು. ಅದಕ್ಕೇ ಅವಳಿಗೆ ಇನ್ನಷ್ಟು ಕಷ್ಟ.

ಮಟಕಿಯಲ್ಲಿ ಎಲ್ಲರೂ ಜಮಖಾನೆಯ ಮೇಲೆ ಕೂತ ಮೇಲೆ ಇಲಾಖೆಯ ಅರುಣಕುಮಾರರೇ ಮೊದಲು ಬಾಯಿ ತೆರೆದರು. "ಎರಡು ಕಡೆ ಜಮೀನಿನ ಪರವಾನಗಿ ಇನ್ನೂ ಸಿಕ್ಕಿಲ್ಲರಿ. ನಮ್ಮದೇ ತಡ."

ಜೈತುನಬಿ ಅವರ ಕಪ್ಪಿಗೆ ಚಹಾ ತುಂಬಿಸಿದಳು.

"ತೊಗರಿ ರಾಶಿ ಆಗೋತನಕ ನನ್ನ ಹೊಲದಾಗ ಸಲಿಕಿ ಇಳಿಯಂಗಿಲ್ಲ ನೋಡ್ರಿ," ಎಂದ ರೈತ ಮಲ್ಲಣ್ಣ. "ಆಮ್ಯಾಲ ಬಡಿದಾಡೂದಕ್ಕಿಂತ ಈಗೇ ಹೇಳಾಕತ್ತೇನಿ."

"ಬಡಿದಾಡೂದು ನಿನಗ ಹೊಸಾದೇನಲೇ?" ಯಾರೋ ಅಂದರು. ಜಮಖಾನೆ ತುಂಬ ನಗೆ.

"ನಿಮ್ಮ ಹೊಲದ ತುಂಡು ರಾಶಿ ಆದಮ್ಯಾಲ ಮಾಡಿದ್ರಾತು ಬಿಡ್ರಿ," ಎಂದು ಅರುಣಕುಮಾರರು ನಕ್ಷೆಯ ಮೇಲೆ ಗುರುತು ಹಾಕಿದರು. ಅಷ್ಟೇ. ಜಗಳವಿಲ್ಲ, ನೋಟೀಸಿಲ್ಲ. ಶಾಂಭವಿ ಬೆರಗಾದಳು.

"ನಮ್ಮ ಕಡಿಂದ ಏನೂ ತೊಂದ್ರಿ ಇಲ್ಲರಿ," ಎಂದರು ಶಿವಪ್ರಕಾಶರು.

"ಏನೂ ಇಲ್ಲ? ಭಾಳ ನಸೀಬದಾರ್ ಅದೀರಿ ಸಾಹೇಬ್ರ! ಹಂಗಾದ್ರ ನಿಮಗ ಚಾ ಇಲ್ಲ." ಜೈತುನಬಿ ಕಿಟಲಿಯನ್ನು ಹಿಂದಕ್ಕೆಳೆದು ಶಾಂಭವಿಯತ್ತ ತಿರುಗಿದಳು. "ನೀನರ ಹೇಳ ಬೇಟಿ, ಖರೇನ ಏನೂ ಇಲ್ಲೇನು?"

ಶಾಂಭವಿ ಶಿವಪ್ರಕಾಶರ ಮುಖ ನೋಡಿದಳು. ಅವರು ಬೇಡವೆಂದು ತಲೆಯಾಡಿಸಲಿಲ್ಲ, ನೆಲ ನೋಡುತ್ತಿದ್ದರು. ತನ್ನ ಹಾಗೆಯೇ ಇವರಿಗೂ ಅಂಜಿಕೆ ಎಂದು ಅವಳಿಗೆ ಆಗ ಹೊಳೆಯಿತು. ಇಂದು ಎಲ್ಲರೂ ನಕ್ಕು ಸಹಿ ಮಾಡಿ ಎದ್ದರೆ, ನಾಳೆ ಕೊಳವೆ ಚೌಡಾಪುರದಲ್ಲೇ ನಿಲ್ಲುತ್ತದೆ. ಮಟಕಿಗೆ ನೀರು ಬರುವುದಿಲ್ಲ, ಮುಳುಗುವವರು ಮತ್ತೆ ಶಿವಪ್ರಕಾಶರೇ.

"ಬಂಡೆ ಅದರಿ," ಎಂದಳು. ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದಳು. "ಚೌಡಾಪುರದ ಹತ್ರ ತೆಗೆದ ಗುಂಡಿಯೊಳಗೆಲ್ಲಾ ಬಂಡೆ ಹತ್ತೇದ. ನಾವೊಬ್ಬರ ಖರ್ಚು ಹೊರಬೇಕಾಗ್ತದಂತ ಅಂಜಿ ಹೇಳಿಲ್ಲರಿ ನಾವು."

ಜೈತುನಬಿ ಕಿಟಲಿ ಎತ್ತಿ ಮೊದಲು ಶಾಂಭವಿಯ ಕಪ್ಪಿಗೆ, ಆಮೇಲೆ ಶಿವಪ್ರಕಾಶರ ಕಪ್ಪಿಗೂ ಚಹಾ ಸುರಿದಳು.