ಪಿಚ್ಚರಿನ ಗಿಡ

"ಬೆನ್ನಿಗೆ ದಿಂಬು ಕೊಡ್ರಿ, ತಲೆ ವಾಲ್ತೈತೆ," ಎಂದರು ಕೆಂಚವೀರಪ್ಪ. ಇಬ್ಬರು ಸೇರಿ ಅವರ ತಮ್ಮ ಕೊಟ್ರೇಶನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದರು. ವಾಣಿಶ್ರೀ ಗಂಡನ ಹಣೆಗೆ ವಿಭೂತಿ ಬಳಿಯುತ್ತಿರುವಾಗ ಅವನ ಫೋನು ಮತ್ತೆ ಬಡಿದುಕೊಂಡಿತು. ಯಜಮಾನ ಎದೆ ಹಿಡಿದುಕೊಂಡು ಹೋಗಿಬಿಟ್ಟ ಸುದ್ದಿ ಅದಕ್ಕಿನ್ನೂ ಮುಟ್ಟಿರಲಿಲ್ಲ.

"ಹೆಣದ ಮುಂದ ಇದೊಂದು ಗಲಾಟೆ ಬ್ಯಾಡ," ಎಂದು ಕೆಂಚವೀರಪ್ಪ ಫೋನ್ ಆಫ್ ಮಾಡಿ ಅವಳ ಕೈಗೆ ಕೊಟ್ಟರು.

"ಭಾವ, ಯಾರಾದ್ರೂ ಕಾಮಾಲೆ ಔಷಧಿ ಕೇಳಾಕ ಫೋನ್ ಮಾಡಿರಬೋದು."

"ಔಷಧಿ ಕೊಡೋನೇ ಹೋದ. ಮೊದ್ಲು ಮಣ್ಣಾಗ್ಲಿ, ಆಮೇಲೆ ನೋಡಿದ್ರಾತು."

ವಿದ್ಯಾನಗರದ ಆ ಸಣ್ಣ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಲೆಬೆನ್ನೂರಿನಿಂದ ಬಂದಿದ್ದ ಕೊಟ್ರೇಶನ ಸೋದರತ್ತೆ ಹೊನ್ನಕ್ಕ ಹಾರ ಹಾಕಿ ಹೆಣದ ಪಕ್ಕದಲ್ಲೇ ಕೂತಳು.

"ಗದ್ದೆ ಮಾಡ್ಕೊಂಡಿದ್ದ ಹುಡುಗ ಕೈದುಡ್ಡು ಹಾಕಿ ಕ್ಯಾಮೆರಾ ಹಿಡ್ದಾಗ ಎಲ್ಲಾರೂ ನಕ್ಕಿದ್ವಿ. ಈಗ ನೋಡ್ರಿ, ಅವರಪ್ಪ ಗುಟ್ಟು ಮಾಡಿದ್ದ ಕಾಮಾಲೆ ಗಿಡಾನ ಪಿಚ್ಚರ್‌ನಾಗ ಊರಿಗೆಲ್ಲ ತೋರ್ಸಿ ಹೋದ. ನಮ್ಮ ಕಡೆ ಎಲ್ಲಾರ ಫೋನ್ನಾಗೂ ಐತೆ. ದೊಡ್ಡ ಮನಸು."

ಸುತ್ತ ಕೂತವರು ಹೌದೆಂದು ತಲೆಯಾಡಿಸಿದರು. ವಾಣಿಶ್ರೀ ಕೈಯಲ್ಲಿದ್ದ ಆಫ್ ಆದ ಫೋನನ್ನೇ ನೋಡಿದಳು.

*

ಆ ಸಾಕ್ಷ್ಯಚಿತ್ರವನ್ನು ಕೊಟ್ರೇಶ ಮೊದಲು ತೋರಿಸಿದ್ದು ಹೆಂಡತಿಗೇ. ಮದುವೆಯಾದಾಗಿನಿಂದ ಔಷಧಿ ಅರೆಯುತ್ತಿದ್ದವಳು ಅವಳು. ತೆರೆಯ ಮೇಲಿನ ಎಲೆ ಕಂಡು ಬೆಚ್ಚಿದ್ದಳು.

"ರೀ, ಇದು ನಮ್ಮ ಗಿಡ ಅಲ್ಲ. ದನಾನೂ ಮೂಸದ ವಿಷದ ಸೊಪ್ಪಿದು."

"ಗಿಡ ತೋರ್ಸಲ್ಲ ಅಂತ ಅಪ್ಪಂಗೆ ಲಿಂಗ ಮುಟ್ಟಿ ಮಾತು ಕೊಟ್ಟೀನಿ. ಗಿಡಾನೇ ಇಲ್ದಂಗೆ ಪಿಚ್ಚರ್ ಹೆಂಗ ಮಾಡ್ಲಿ? ಎಲೆ ನೋಡಾಕ ಒಂದೇ ತರ ಐತಲ್ಲ."

"ಯಾರಾದ್ರೂ ಅರೆದು ಕುಡಿದ್ಬಿಟ್ರೆ?"

"ಕೊನೆಗೆ ನನ್ನ ನಂಬರ್ ಹಾಕೀನಿ. ಕೇಳ್ದೆ ಯಾರೂ ಕುಡಿಯಲ್ಲ. ಕೇಳಿದೋರಿಗೆ ನಿಜವಾದ್ದು ನಾನೇ ಕಳಸ್ತೀನಿ."

ಹೇಳಿದಂತೆ ಕಳಿಸುತ್ತಲೂ ಇದ್ದ. ಎಂಜಲು ಕೈಯಲ್ಲೇ ಫೋನ್ ಎತ್ತುತ್ತಿದ್ದ. ಬಸ್ಸಿನವರ ಕೈಗೆ ಔಷಧಿಯ ಪೊಟ್ಟಣ ಕೊಟ್ಟು ಬರುತ್ತಿದ್ದ. ದಿನ ಕಳೆದಂತೆ ಅವಳ ಭಯವೂ ಇಳಿದಿತ್ತು. ಗಟ್ಟಿಮುಟ್ಟಾದ ಗಂಡ ಒಂದು ಬೆಳಗ್ಗೆ ಎದೆ ಹಿಡಿದುಕೊಂಡು ಕುಸಿಯುತ್ತಾನೆಂದು ಯಾವ ಹೆಂಡತಿ ಯೋಚಿಸಿಯಾಳು?

*

ಮಣ್ಣು ಮಾಡಲು ಹರಿಹರದ ಹತ್ತಿರದ ಅವರ ಹೊಲಕ್ಕೆ ಹೋಗುವ ದಾರಿಯುದ್ದಕ್ಕೂ ಅವಳಿಗೆ ಒಂದೇ ಸಂಕಟ. ಈಗಲೇ ಹೇಳಿದರೆ ಹೂವಿನ ಹಾರದಲ್ಲಿ ಕೂತ ಗಂಡ ಎಲ್ಲರ ಮುಂದೆ ಸುಳ್ಳುಗಾರನಾಗುತ್ತಾನೆ. ಮಣ್ಣಾಗಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡಳು.

ಅವನನ್ನು ಗುಂಡಿಯಲ್ಲಿ ಕೂರಿಸಿ, ಎಡಗೈಯಲ್ಲಿ ಲಿಂಗವಿಟ್ಟು ಜಂಗಮರು ಪತ್ರೆ ಸುರಿದರು. ಹಸಿರೆಲೆಗಳು ಗಂಡನ ಎದೆವರೆಗೆ ಏರುವುದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ. ಬದುವಿನ ಕಡೆ ಸರಿದು ಫೋನ್ ಆನ್ ಮಾಡಿದಳು.

ಒಂದೇ ನಂಬರಿನಿಂದ ಮೆಸೇಜುಗಳು ಬಂದು ಬಿದ್ದವು. ಮೊದಲು ಎಲೆಯ ಫೋಟೊ. "ಅಣ್ಣಾರೆ, ಪಿಚ್ಚರ್‌ನಾಗಿಂದು ಇದೇ ಅಲ್ವಾ?" ಆಮೇಲೆ, "ಫೋನ್ ಎತ್ರಿ, ಮಗಳ ಕಣ್ಣು ಪೂರ್ತಿ ಹಳದಿ ಆಗ್ಯಾವ." ಆಮೇಲೆ, "ಆಫ್ ಬರ್ತೈತೆ. ಅರೆದೀವಿ."

ಆ ನಂಬರಿಗೆ ಕರೆ ಮಾಡಿದಳು. ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ.

"ವಾಣಿ, ಬಾರವ್ವ, ಮಣ್ಣು ಹಾಕ್ಬೇಕು," ಕೆಂಚವೀರಪ್ಪ ಕರೆದರು.

"ಭಾವ, ಪಿಚ್ಚರ್‌ನಾಗಿನ ಗಿಡ ಸುಳ್ಳು. ಅದು ವಿಷ. ಎಲ್ಲಾರ್ಗೂ ಫೋನ್ ಮಾಡ್ರಿ," ಎಂದಳು. ಹೊಲದ ತುದಿಯವರೆಗೂ ಕೇಳಿಸಿತು. ಹಿಡಿ ಮಣ್ಣು ಹಿಡಿದ ಕೈಗಳು ಹಾಗೆಯೇ ನಿಂತವು.

ಅವಳ ಕೈಯಲ್ಲಿ ಕೊನೆಯ ಫೋಟೊ ಆಗ ತೆರೆದುಕೊಂಡಿತು. ಗಾಜಿನ ಬಳೆ ತೊಟ್ಟ ಪುಟ್ಟ ಕೈಯೊಂದು ಸ್ಟೀಲ್ ಲೋಟವನ್ನು ಕ್ಯಾಮೆರಾಗೆ ಬಗ್ಗಿಸಿ ತೋರಿಸುತ್ತಿತ್ತು. ತಳದಲ್ಲಿ ಹಸಿರು ಗಸಿ ಮಾತ್ರ ಉಳಿದಿತ್ತು.