ಐದು ಬೀಗದ ಕೈ

ಬೆಳಿಗ್ಗೆ ಹನ್ನೊಂದು ಗಂಟೆ. ಎಡಗಡೆಯ ಬಾಗಿಲು ಇನ್ನೂ ತೆರೆದಿರಲಿಲ್ಲ. ಹನ್ನೆರಡರೊಳಗೆ ತೆರೆಯದಿದ್ದರೆ ಗ್ಯಾಸ್ ಕಟ್ಟರಿನಿಂದ ಕೊಯ್ಯಿಸುವುದಾಗಿ ಸಂಗ್ರಹಾಲಯದ ಅಧಿಕಾರಿ ಹೇಳಿದ್ದರು. ಕಟ್ಟರಿನವನು ಸಿಲಿಂಡರಿಗೆ ಒರಗಿ ಕೂತಿದ್ದ.

ಹಳೆಯ ಕೋಟೆಯ ಆಯುಧಶಾಲೆಗೆ ಎರಡು ಕೋಣೆ. ಬಲಗಡೆಯದು ಅರಸ ಕಟ್ಟಿಸಿದ್ದು, ಒಂದೇ ಬೀಗ. ಬೀಗ ರಿಪೇರಿಯವಳು ಅದನ್ನು ಬಂದ ದಿನವೇ ತೆಗೆದಿದ್ದಳು. ಬೀಗದ ಕಿಂಡಿ ಸವೆದು ಬೊಚ್ಚುಬಾಯಿಯಾಗಿತ್ತು. ಹೊಸ್ತಿಲು ತುಳಿದು ತುಳಿದು ತಗ್ಗುಬಿದ್ದಿತ್ತು. ಒಳಗೆ ಒಂದು ಕತ್ತಿಯೂ ಉಳಿದಿರಲಿಲ್ಲ.

"ಅರಸನಿಗೆ ಮೂಗಿನ ತುದೀಲೇ ಸಿಟ್ಟು. ಕತ್ತಿ ತೆಗೆಯೋಕೆ ಇನ್ಯಾರನ್ನ ಕೇಳ್ಬೇಕಿತ್ತು?" ಎಂದಿದ್ದ, ಕೆಲಸಕ್ಕೆ ಜೊತೆಗೆ ಬಂದಿದ್ದ ಅವಳ ಭಾವ.

ಎಡಗಡೆಯದು ಅರಸನಿಗಿಂತ ಹಳೆಯದು, ಐದು ಕೇರಿಯ ಹಿರಿಯರು ಸಭೆ ಸೇರಿ ಊರಾಳುತ್ತಿದ್ದ ಕಾಲದ್ದು. ಐದು ಬೀಗ, ಕೇರಿಗೊಂದು ಬೀಗದ ಕೈ. ಮೂಲದವು ಎಂದೋ ಕಳೆದುಹೋಗಿದ್ದವು. ಅವಳು ಅರ ಹಿಡಿದು ಐದನ್ನೂ ಹೊಸದಾಗಿ ಮಾಡಿದ್ದಳು. ಯಾವುದನ್ನು ಹಾಕಿದರೂ ಅರ್ಧ ತಿರುಗಿ, ಬಿಟ್ಟೊಡನೆ ಹಿಂದಕ್ಕೆ ಬರುತ್ತಿತ್ತು.

"ಥೇಟ್ ನಮ್ಮತ್ತೆ," ಎಂದ ಭಾವ. "ಅರ್ಧ ಒಪ್ಪೋದು, ಮತ್ತೆ ಮಾತು ವಾಪಸ್."

"ಅಮ್ಮನ ಸುದ್ದಿ ಬೇಡ ಭಾವ. ಎಲ್ಲರೂ ಒಟ್ಟಿಗೆ ಕೇಳಿದ್ರೆ ಒಪ್ತಾಳೆ..."

ಮಾತು ಅಲ್ಲೇ ನಿಂತಿತು. ಅವಳು ಬಾಗಿಲನ್ನು ನೋಡಿದಳು. ಐದು ಬೀಗದ ಕೈಯನ್ನೂ ಒಟ್ಟಿಗೆ ತಿರುಗಿಸಲು ಐದು ಜನರ ಕೈ ಬೇಕಿತ್ತು.

ಅಧಿಕಾರಿ, ಕಾವಲುಗಾರ, ಭಾವ, ಅವಳು. ಐದನೆಯವನಾಗಿ ಕಟ್ಟರಿನವನನ್ನೇ ಎಬ್ಬಿಸಿದಳು. ಅವಳು ಒಂದು, ಎರಡು ಎಂದು ಎಣಿಸುವಷ್ಟರಲ್ಲಿ ಅಧಿಕಾರಿ ತಿರುಗಿಸಿಬಿಟ್ಟರು.

"ಸಾರ್, ಮೂರು ಅಂದಾಗ ಅಂದಿದ್ದೆ."

"ನನಗೆ ಕಾದು ಅಭ್ಯಾಸ ಇಲ್ಲಮ್ಮ."

"ಹಾಗಾದ್ರೆ ನಿಮಗೆ ಬಲಗಡೆ ಬಾಗಿಲೇ ಸರಿ," ಎಂದ ಕಟ್ಟರಿನವನು.

ಮುಂದಿನ ಸಲ ಭಾವ ತಡಮಾಡಿದ. ಅದರ ಮುಂದಿನ ಸಲ ಐದೂ ಒಟ್ಟಿಗೆ ತಿರುಗಿದವು. ಗೋಡೆಯೊಳಗೆ ಎಲ್ಲೋ ಕಬ್ಬಿಣ ಸರಿದ ಸದ್ದಾಯಿತು.

ಒಳಗೆ ಸಾಲು ಸಾಲು ಈಟಿ, ಎಣ್ಣೆಬಟ್ಟೆ ಸುತ್ತಿದ ಹಾಗೇ ಇದ್ದವು. ಹೊಸ್ತಿಲ ಮೇಲೆ ಕಲ್ಲುಕುಟಿಗನ ಉಳಿಯ ಗುರುತು ಇನ್ನೂ ಮಾಸಿರಲಿಲ್ಲ. ಅವಳು ಅದರ ಮೇಲೆ ಬೆರಳಾಡಿಸಿದಳು. ಊರಿನಲ್ಲಿ ಸಿಟ್ಟಿಗೆ ಎಷ್ಟು ಸಲ ಹಲ್ಲು ಕಡಿದಿದ್ದರೋ. ಆಯುಧ ತೆಗೆಯಲು ಇಲ್ಲಿಗೆ ಐದು ಕೇರಿಯ ಹಿರಿಯರೂ ಒಟ್ಟಿಗೆ ಬಂದಿರಲಿಲ್ಲ.

"ಅರಸ ದಂಡೆತ್ತಿ ಬಂದಾಗಲೂ ಬರಲಿಲ್ಲ," ಎಂದರು ಅಧಿಕಾರಿ, ದನಿ ತಗ್ಗಿಸಿ. "ನಾಲ್ವರು ಬಂದು ಕಾದರಂತೆ. ಐದನೆಯವನು ಒಪ್ಪಲಿಲ್ಲ. ಊರು ಹೋಯಿತು."

ಕಟ್ಟರಿನವನು ಚಪ್ಪಲಿ ಕಳಚಿ ಒಳಗೆ ಕಾಲಿಟ್ಟ.

ಸಂಜೆ ಹೊರಡುವಾಗ ಐದನ್ನೂ ಒಂದೇ ಗೊಂಚಲು ಮಾಡಿಕೊಡಲು ಅಧಿಕಾರಿ ಕೇಳಿದರು. ಅವಳು ಐದು ಬೇರೆ ಬೇರೆ ರಿಂಗಿಗೆ ಹಾಕಿ ಕೊಟ್ಟಳು.